ಕಾರಿನ ಗಾಳಿಗೊಂದು ಸಾಣಿಗೆ



ಅಕ್ಕಲಕೋಟೆ, ಜತ್ತ ಕಡೆಯ ನಮ್ಮ ಊರುಗಳಲ್ಲಿ ಹಿಂದೆ ಊರಿಗೊಂದು ಜೀಪು ಇದ್ದರೆ ಹೆಚ್ಚು. ಈಗ ಅನೇಕ ಮನೆಗಳ ಮುಂದೆ ಕಾರು ನಿಂತಿರುತ್ತದೆ. ಹೊಸದೋ ಹಳೆಯದೋ, ರಾತ್ರಿ ಹೊತ್ತು ಉಬ್ಬಸ ಹತ್ತಿದ ಹಿರಿಯರನ್ನು ಸೋಲಾಪುರಕ್ಕೋ ಮಿರಜಕ್ಕೋ ಮುಟ್ಟಿಸುವುದು ಅದೇ. ಹಾಗೆ ಕರೆದೊಯ್ಯುವಾಗ ಕಾರಿನೊಳಗೆ ಅವರು ಎಂಥ ಗಾಳಿ ಉಸಿರಾಡುತ್ತಾರೆ ಎಂಬುದನ್ನು ಮಾತ್ರ ನಾವು ವಿಚಾರಿಸುವುದಿಲ್ಲ. ಈ ಹೊತ್ತಿನ ಮಾತು ಅದರ ಕುರಿತು.

ಜೋಳದ ಹಿಟ್ಟನ್ನು ಸಾಣಿಗೆ ಹಿಡಿದೇ ರೊಟ್ಟಿ ಬಡಿಯುತ್ತೇವೆ. ಕಾರಿಗೂ ಅಂಥದೊಂದು ಸಾಣಿಗೆ ಇದೆ. ಕ್ಯಾಬಿನ್ ಫಿಲ್ಟರ್, ಪೋಲನ್ ಫಿಲ್ಟರ್, ಏಸಿ ಫಿಲ್ಟರ್ ಎಂದು ಅದಕ್ಕೆ ಮೂರು ಹೆಸರು. ಪೋಲನ್ ಎಂದರೆ ಹೂವಿನ ಪರಾಗ. ನೋಡಲು ಮಡಿಕೆ ಮಡಿಕೆಯಾದ ಬಿಳಿ ಬಟ್ಟೆಯ ಚೌಕಟ್ಟು. ಹೊರಗಿನಿಂದ ಬರುವ ಗಾಳಿ ಇದರೊಳಗಿಂದ ಹಾಯ್ದು ನಮ್ಮ ಮುಖಕ್ಕೆ ಬರುತ್ತದೆ. ಪರಾಗದ ಕಣ ಸಾಮಾನ್ಯವಾಗಿ 10ರಿಂದ 100 ಮೈಕ್ರಾನ್ ಇರುತ್ತದೆ. ಒಂದು ಮಿಲಿಮೀಟರನ್ನು ಸಾವಿರ ಪಾಲು ಮಾಡಿದರೆ ಒಂದು ಪಾಲೇ ಒಂದು ಮೈಕ್ರಾನ್. ಒಳ್ಳೆಯ ಫಿಲ್ಟರ್ ಈ ಪರಾಗವನ್ನೂ ರಸ್ತೆಯ ಧೂಳಿನ ಬಹುಪಾಲನ್ನೂ ತಡೆಯುತ್ತದೆ.

ನಮ್ಮ ಭಾಗಕ್ಕೆ ಇದು ಏಕೆ ಮುಖ್ಯ? ಎರಿ ಭೂಮಿಯ ಧೂಳು ಒಂದು. ಹಿಂಗಾರಿ ಜೋಳದ ರಾಶಿಯ ಕಾಲಕ್ಕೆ ಗಾಳಿಯಲ್ಲಿ ತೇಲುವ ಸುಂಕು ಇನ್ನೊಂದು. ಮೂರನೆಯದು ಕಾಂಗ್ರೆಸ್ ಹುಲ್ಲು. ಮರಾಠಿಯಲ್ಲಿ ಗಾಜರ ಗವತ, ಶಾಸ್ತ್ರದ ಹೆಸರು ಪಾರ್ಥೇನಿಯಂ. 1950ರ ದಶಕದಲ್ಲಿ ಪುಣೆಯಲ್ಲಿ ಗುರುತಿಸಲ್ಪಟ್ಟ ಈ ಕಳೆ ಈಗ ದೇಶದ ತುಂಬ ಹಬ್ಬಿದೆ. ಇದರ ಪರಾಗದಿಂದ ಕೆಲವರಿಗೆ ಸೀನು, ಮೂಗು ಸೋರುವುದು, ಉಬ್ಬಸ ಬರುತ್ತವೆ. ಹುಲ್ಲು ತಾಗಿದರೆ ಚರ್ಮದ ತುರಿಕೆಯೂ ಉಂಟು. ರಸ್ತೆಯ ಎರಡೂ ಬದಿಗೆ ಬೆಳೆಯುವುದು ಇದೇ ಹುಲ್ಲು.

ಈ ಸಾಣಿಗೆ ಕಟ್ಟಿಕೊಂಡರೆ ಏನಾಗುತ್ತದೆ? ಫ್ಯಾನು ನಾಲ್ಕನೆಯ ನಂಬರಿನಲ್ಲಿ ಗುಂಯ್ ಎನ್ನುತ್ತದೆ, ಗಾಳಿ ಮಾತ್ರ ಬರುವುದಿಲ್ಲ. ಏಸಿ ಹಾಕಿದರೆ ಕಮಟು ವಾಸನೆ. ಮಳೆಗಾಲದಲ್ಲಿ ಮುಂದಿನ ಗಾಜಿಗೆ ಒಳಗಿನಿಂದ ಮಂಜು ಕಟ್ಟಿ ಬೇಗ ಹೋಗುವುದಿಲ್ಲ, ಎದುರಿಗೆ ಬರುವ ಟ್ರ್ಯಾಕ್ಟರ್ ಕಾಣುವುದಿಲ್ಲ. ಇದು ಪ್ರಾಣಕ್ಕೇ ಕುತ್ತು.

ಬೇಸಿಗೆಯಲ್ಲಿ ಗಾಳಿ ತಂಪಾಗದಿದ್ದರೆ ನಾವು ಮೊದಲು ಹೇಳುವ ಮಾತು, “ಗ್ಯಾಸ್ ಹೋಗಿದೆ.” ನಮ್ಮ ಬಳಗದ ಒಬ್ಬರು ಹೀಗೆ ಎರಡು ಬೇಸಿಗೆ ಗ್ಯಾಸ್ ತುಂಬಿಸಿದರು. ಕಡೆಗೆ ಫಿಲ್ಟರ್ ಹೊರಗೆಳೆದರೆ ಅದರ ತುಂಬ ಬೇವಿನ ಎಲೆ, ಮಣ್ಣು, ಇಲಿ ತಂದಿಟ್ಟ ಹತ್ತಿ. ಕೆಲವು ನೂರು ರೂಪಾಯಿಯ ವಸ್ತುವಿಗೆ ಸಾವಿರಗಳ ಖರ್ಚು ಬಿದ್ದಿತ್ತು.

ಆದ್ದರಿಂದ ಗ್ಯಾರೇಜಿಗೆ ಹೋಗುವ ಮೊದಲು ಮನೆಯಲ್ಲೇ ಒಂದು ಪರೀಕ್ಷೆ ಮಾಡಿರಿ. ಫಿಲ್ಟರ್ ತೆಗೆದು, ಅದರ ಖಾನೆಯ ಕಸ ಒರೆಸಿ, ಮುಚ್ಚಳ ಹಾಕಿ ಒಂದು ನಿಮಿಷ ಫ್ಯಾನು ನಡೆಸಿರಿ. ಗಾಳಿ ಜೋರಾಗಿ ನುಗ್ಗಿದರೆ ದೋಷ ಫಿಲ್ಟರಿನದು. ಗಾಳಿ ಜೋರಿದ್ದೂ ತಂಪಿಲ್ಲದಿದ್ದರೆ ಆಗ ಗ್ಯಾಸು, ಕಂಪ್ರೆಸರ್ ನೋಡಿಸಿರಿ.

ಬ್ಯಾಂಕಿನಲ್ಲಿ ಲೆಕ್ಕ ಬರೆದು ನಿವೃತ್ತನಾದ ನಾನು ಮೆಕ್ಯಾನಿಕ್ ಅಲ್ಲ. ಮೆಕ್ಯಾನಿಕ್ ಅಲ್ಲದವರೂ ಮಾಡಬಹುದಾದ ಕೆಲಸವೆಂದೇ ಇದನ್ನು ಹೇಳುತ್ತಿದ್ದೇನೆ. ಹೆಚ್ಚಿನ ಕಾರುಗಳಲ್ಲಿ ಫಿಲ್ಟರ್ ಇರುವುದು ಚಾಲಕನ ಪಕ್ಕದ ಸೀಟಿನ ಮುಂದೆ, ಆರ್.ಸಿ., ವಿಮೆ ಕಾಗದ ಇಡುವ ಖಾನೆಯ ಹಿಂದೆ.

ಮೊದಲು ಇಂಜಿನ್ ಬಂದ್ ಮಾಡಿ ಕೀಲಿ ತೆಗೆಯಿರಿ. ಖಾನೆ ಖಾಲಿ ಮಾಡಿರಿ. ಅದರ ಒಂದು ಬದಿಗೆ ಸಣ್ಣ ದಾರ ಅಥವಾ ಕಡ್ಡಿ ಇದ್ದರೆ ಕೊಕ್ಕೆಯಿಂದ ಬಿಡಿಸಿರಿ. ಖಾನೆಯ ಎರಡೂ ಗೋಡೆಗಳನ್ನು ಒಳಮುಖವಾಗಿ ಒತ್ತಿದರೆ ಅದು ಕೆಳಗೆ ಜೋತು ಬೀಳುತ್ತದೆ. ಕೆಲವು ಕಾರಿನಲ್ಲಿ ಬದಿಯ ಗುಬುಟು ತಿರುಗಿಸಬೇಕು, ಕೆಲವಕ್ಕೆ ಸ್ಕ್ರೂ ಇರುತ್ತದೆ. ಜೋರು ಮಾಡಬೇಡಿರಿ, ಪ್ಲಾಸ್ಟಿಕ್ ಮುರಿದೀತು.

ಹಿಂದೆ ಉದ್ದನೆಯ ಕಪ್ಪು ಮುಚ್ಚಳ ಕಾಣುತ್ತದೆ. ತುದಿಯ ಕ್ಲಿಪ್ಪು ಒತ್ತಿ ತೆಗೆಯಿರಿ. ಕೆಳಗೆ ಹಳೆಯ ಪತ್ರಿಕೆ ಹಾಸಿ, ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿರಿ. ಉಬ್ಬಸ ಇದ್ದವರು ಈ ಕೆಲಸವನ್ನು ಮನೆಯ ಹುಡುಗರಿಗೆ ಬಿಡುವುದು ಲೇಸು. ಫಿಲ್ಟರಿನ ಅಂಚಿನಲ್ಲಿ ಬಾಣದ ಗುರುತು ಇರುತ್ತದೆ. ಅದು ಮೇಲೆ ನೋಡುತ್ತದೋ ಕೆಳಗೋ ಎಂದು ಚೀಟಿಯಲ್ಲಿ ಬರೆದುಕೊಂಡೇ ಹೊರಗೆಳೆಯಿರಿ. ಮಟ್ಟಸವಾಗಿ, ಸಾವಕಾಶ ಎಳೆದರೆ ಕಸ ಒಳಗಿನ ಫ್ಯಾನಿನ ಮೇಲೆ ಬೀಳುವುದಿಲ್ಲ.

ಖಾನೆಯನ್ನು ಹಿಂಡಿದ ಒದ್ದೆ ಬಟ್ಟೆಯಿಂದ ಒರೆಸಿ, ಹೊಸ ಫಿಲ್ಟರನ್ನು ಬಾಣ ಮೊದಲಿನ ದಿಕ್ಕಿಗೇ ಬರುವಂತೆ ಕೂರಿಸಿರಿ. ಬಾಣವು ಗಾಳಿ ಹರಿಯುವ ದಿಕ್ಕನ್ನು ತೋರಿಸುತ್ತದೆ. ‘ಅಪ್’ ಎಂದು ಬರೆದಿದ್ದರೆ ಆ ಬದಿ ಮೇಲೆ ಬರಬೇಕು. ಮುಚ್ಚಳ ‘ಟಕ್’ ಎಂದು ಕೂತ ಮೇಲೆ ಖಾನೆ ಮೇಲೆತ್ತಿರಿ. ಕಾಲು ಗಂಟೆಯ ಕೆಲಸ. ಅಂಗಡಿಯಲ್ಲಿ ಬರೀ ‘ಏರ್ ಫಿಲ್ಟರ್’ ಎಂದರೆ ಇಂಜಿನ್ನಿನ ಫಿಲ್ಟರ್ ಕೊಟ್ಟುಬಿಡುತ್ತಾರೆ. ‘ಏಸಿ ಫಿಲ್ಟರ್’ ಎನ್ನಿರಿ. ಕನ್ನಡದಲ್ಲಾಗಲಿ ಮರಾಠಿಯಲ್ಲಾಗಲಿ ಆ ಮಾತು ಒಂದೇ. ಕಾರಿನ ಮಾಡೆಲ್ಲು ಮತ್ತು ವರ್ಷ ಹೇಳಿರಿ. ಕೆಲವು ಹಳೆಯ ಸಣ್ಣ ಕಾರುಗಳಿಗೆ ಕಂಪನಿ ಈ ಫಿಲ್ಟರ್ ಕೊಟ್ಟೇ ಇರುವುದಿಲ್ಲ. ಅಂಥವುಗಳಲ್ಲಿ ಜಾಗವಿದೆಯೇ ಎಂದು ತಿಳಿದವರಿಗೆ ತೋರಿಸಿರಿ. ಇದ್ದಿಲು ಬೆರೆತ ಕಪ್ಪು ಫಿಲ್ಟರ್ ವಾಸನೆಯನ್ನೂ ಸ್ವಲ್ಪ ತಗ್ಗಿಸುತ್ತದೆ, ಬೆಲೆ ಹೆಚ್ಚು.

ಹಳೆಯದನ್ನು ನೀರಲ್ಲಿ ತೊಳೆದು ಹಾಕಬಾರದೇ ಎಂದು ಕೇಳುವಿರಿ. ತೊಳೆಯಬಹುದಾದ ಜಾತಿ ಬೇರೆ. ಅದರ ಮೇಲೆ ಹಾಗೆಂದು ಬರೆದಿರುತ್ತದೆ. ಸಾಮಾನ್ಯ ಫಿಲ್ಟರ್ ತೊಳೆದರೆ ಅದರ ಎಳೆ ಕೆಡುತ್ತದೆ, ಒದ್ದೆ ಉಳಿದರೆ ಬೂಸ್ಟು ಹಿಡಿಯುತ್ತದೆ. ಹೊಸದು ತರುವವರೆಗೆ ಹೊರಗೆ ಒಯ್ದು ಮೆಲ್ಲಗೆ ಕೊಡವಿ ಹಾಕಬಹುದು, ಅಷ್ಟೇ.

ಎಷ್ಟು ದಿನಕ್ಕೆ ಬದಲಿಸಬೇಕು? ಕಾರಿನ ಪುಸ್ತಕ ನೋಡಿರಿ. ಸಾಮಾನ್ಯವಾಗಿ 10ರಿಂದ 15 ಸಾವಿರ ಕಿಲೋಮೀಟರಿಗೆ ಅಥವಾ ವರ್ಷಕ್ಕೊಮ್ಮೆ ಎನ್ನುತ್ತಾರೆ. ನಮ್ಮ ಧೂಳಿನ ರಸ್ತೆಗೆ ಅದಕ್ಕೂ ಮೊದಲೇ ಬೇಕಾದೀತು. ರಾಶಿ ಮುಗಿದ ಮೇಲೆ ಒಮ್ಮೆ, ಮಳೆಗಾಲ ಮುಗಿದ ಮೇಲೆ ಒಮ್ಮೆ ತೆರೆದು ನೋಡಿರಿ. ಮರದ ಕೆಳಗೆ ಕಾರು ನಿಲ್ಲಿಸುವವರು ಮುಂದಿನ ಗಾಜಿನ ಬುಡದ ಎಲೆ ದಿನವೂ ತೆಗೆಯಿರಿ. ಹೊರಗಾಳಿ ಒಳಗೆ ಬರುವ ಬಾಗಿಲು ಅದೇ.

ಒಂದು ಎಚ್ಚರಿಕೆ. ಇಂಜಿನ್ನಿನ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಗಾಳಿಯನ್ನು ಈ ಫಿಲ್ಟರ್ ತಡೆಯುವುದಿಲ್ಲ. ಮುಚ್ಚಿದ ಶೆಡ್ಡಿನಲ್ಲಿ ಇಂಜಿನ್ ನಡೆಸಿ ಏಸಿಯಲ್ಲಿ ಮಲಗುವುದು ಸಾವನ್ನು ಕರೆದಂತೆ. ಹಾಗೆಯೇ ಉಬ್ಬಸಕ್ಕೆ ಫಿಲ್ಟರ್ ಔಷಧಿಯಲ್ಲ. ಡಾಕ್ಟರು ಕೊಟ್ಟ ಪಂಪು ಜೊತೆಗಿರಲಿ.

ಹೊಸ ಫಿಲ್ಟರಿನ ಅಂಚಿನ ಮೇಲೆ ಪೆನ್ನಿನಿಂದ ತಾರೀಖು, ಕಿಲೋಮೀಟರ್ ಬರೆದು ಹಾಕಿರಿ. ಪಾಸ್‌ಬುಕ್ಕಿನ ನಮೂದಿನಂತೆ, ಮುಂದಿನ ಸಲ ತೆರೆದಾಗ ಲೆಕ್ಕ ಅದೇ ಹೇಳುತ್ತದೆ.