ಅಪ್ಪನ ಬುಲೆಟ್‌ಗೆ ಯಾವ ಕಾರ್ಬ್, ಯಾವ ಕ್ಯಾಮ್?

(ಈ ವಾರದ ಪಾಡ್‌ಕಾಸ್ಟ್‌ನ ಬರಹ ರೂಪ. ಮಾತಿನ ಧಾಟಿಯನ್ನು ಹಾಗೇ ಉಳಿಸಿಕೊಳ್ಳಲಾಗಿದೆ.)

ಸಾಮಾನ್ಯವಾಗಿ ಇಲ್ಲಿ ದುಡ್ಡಿನ ವಿಚಾರ ಮಾತಾಡ್ತೀನಿ, ಇವತ್ತು ಇಂಜಿನ್ ವಿಚಾರ. ನಾನು ಬಿಕಾಂ ಓದಿದವನು, ಮೆಕ್ಯಾನಿಕ್ ಅಲ್ಲ. ಆದ್ರೆ ಮೂರು ತಿಂಗಳಿಂದ ನಮ್ಮಪ್ಪನ ಬುಲೆಟ್ 350ಯ ಇಂಜಿನ್ ಬಿಚ್ಚಿಕೊಂಡು ಕೂತಿತ್ತು. ಗಾಡಿ 1996ರದ್ದು, ಇಂಜಿನ್ ವಿನ್ಯಾಸ ಮಾತ್ರ 1950ರ ದಶಕದ್ದು. 1955ರಲ್ಲಿ ಮದ್ರಾಸಿಗೆ ಬಂದ ಅದೇ ಎರಕದ ಕಬ್ಬಿಣದ ಇಂಜಿನ್ನಿನ ವಂಶ.

ಮೊದಲು ನನ್ನ ತಪ್ಪು ಹೇಳ್ಬಿಡ್ತೀನಿ. ಇಂಜಿನ್ ಬಿಚ್ಚೋಕೆ ಮುಂಚೆ, ರೀಲ್ಸ್ ನೋಡಿ ಆಸೆಪಟ್ಟು, 24 ಎಂಎಂ ಕಾರ್ಬ್ಯುರೇಟರ್ ತೆಗೆಸಿ 28 ಎಂಎಂದು ಹಾಕಿಸಿದೆ. ದೊಡ್ಡದು ಅಂದ್ರೆ ಒಳ್ಳೇದು ಅನ್ನೋ ಲೆಕ್ಕ. ಅಪ್ಪ ಸಕಲೇಶಪುರದ ಕಡೆ ಹೊರಟ್ರು. ಏರಿನಲ್ಲಿ ಲಾರಿ ಹಿಂದೆ ನಿಧಾನ ಮಾಡಿ ಮತ್ತೆ ಆಕ್ಸಿಲರೇಟರ್ ತಿರುಗಿಸಿದಾಗ ಗಾಡಿ ಮುಗ್ಗರಿಸಿ ಆಫ್ ಆಯ್ತು. ಹಿಂದೆ ಬಸ್ಸಿನ ಹಾರ್ನ್. 61 ವರ್ಷದ ಮನುಷ್ಯ, ಮಂಡಿ ನೋವು ಬೇರೆ, ಅಲ್ಲೇ ನಿಂತು ಹತ್ತು ಸಲ ಕಿಕ್ ಹೊಡೆದಿದ್ದಾರೆ. ಮನೆಗೆ ಬಂದವರು ಬೈಲಿಲ್ಲ. ಕೀ ಮೊಳೆಗೆ ನೇತುಹಾಕಿ, “ಇನ್ಮೇಲೆ ನೀನೇ ಓಡಿಸ್ಕೋ” ಅಂದ್ರು. ಬೈದಿದ್ರೂ ಅಷ್ಟು ನಾಟ್ತಿರಲಿಲ್ಲ.

ಯಾಕೆ ಹಾಗಾಯ್ತು? ಕಾರ್ಬ್ಯುರೇಟರ್ ಪೆಟ್ರೋಲನ್ನ ಒಳಗೆ ತಳ್ಳಲ್ಲ. ಪಿಸ್ಟನ್ ಕೆಳಗಿಳಿದಾಗ ಗಾಳಿ ಒಳಗೆ ನುಗ್ಗುತ್ತೆ. ಕಾರ್ಬಿನ ಕಿರಿದಾದ ಗಂಟಲಲ್ಲಿ ಆ ಗಾಳಿ ವೇಗವಾಗಿ ಹಾದಾಗ ಅಲ್ಲಿ ಒತ್ತಡ ಕಮ್ಮಿಯಾಗುತ್ತೆ, ಜೆಟ್‌ನಿಂದ ಪೆಟ್ರೋಲ್ ಮೇಲೆದ್ದು ಹನಿಹನಿಯಾಗಿ ಬೆರೆಯುತ್ತೆ. ಅಂದ್ರೆ ಕೆಲಸ ಮಾಡೋದು ಗಾಳಿಯ ವೇಗ.

ಈಗ ಲೆಕ್ಕ. 24 ಎಂಎಂ ತೂತಿನ ವಿಸ್ತೀರ್ಣ ಸುಮಾರು 452 ಚದರ ಎಂಎಂ. 28ರದ್ದು 616. ವ್ಯಾಸ ಬರೀ 4 ಎಂಎಂ ಜಾಸ್ತಿ, ವಿಸ್ತೀರ್ಣ ಶೇ 36ರಷ್ಟು ಜಾಸ್ತಿ! ನಮ್ಮ 346 ಸಿಸಿ ಇಂಜಿನ್ 3000 ಆರ್‌ಪಿಎಂನಲ್ಲಿ ಸಿಲಿಂಡರ್ ತುಂಬಾ ಗಾಳಿ ಎಳೆದುಕೊಂಡ್ರೂ ಸೆಕೆಂಡಿಗೆ ಒಂಬತ್ತು ಲೀಟರ್ ಒಳಗೆ. ಥ್ರಾಟಲ್ ಪೂರ್ತಿ ತೆರೆದಾಗ 24ರಲ್ಲಿ ಗಾಳಿಯ ಸರಾಸರಿ ವೇಗ ಸೆಕೆಂಡಿಗೆ ಸುಮಾರು 19 ಮೀಟರ್, 28ರಲ್ಲಿ 14. ಏರಿನಲ್ಲಿ ಕಮ್ಮಿ ಆರ್‌ಪಿಎಂನಲ್ಲಿ ದಿಢೀರ್ ಅಂತ ತಿರುಗಿಸಿದ್ರೆ ವೇಗ ಇನ್ನೂ ಬೀಳುತ್ತೆ. ಗಾಳಿ ಹೋಗುತ್ತೆ, ಪೆಟ್ರೋಲ್ ಹಿಂದೆ ಉಳಿಯುತ್ತೆ. ಅದೇ ಆ ಮುಗ್ಗರಿಸೋದು. ಜೆಟ್ ಸರಿಯಾಗಿ ಹೊಂದಿಸಿದ್ರೆ ಸ್ವಲ್ಪ ಸುಧಾರಿಸುತ್ತೆ, ಆದ್ರೆ ಗಾಳಿಯ ವೇಗ ಜೆಟ್‌ನಿಂದ ಬರಲ್ಲ.

ಇನ್ನು ಕ್ಯಾಮ್. ಹಳೇ ಜಾವಾ, ಯೆಜ್ಡಿ ಇರೋ ಮೈಸೂರಿನವರು ಈ ಭಾಗ ಬಿಟ್ಟು ಮುಂದೆ ಹೋಗಬಹುದು, ಆ ಟೂ ಸ್ಟ್ರೋಕ್ ಇಂಜಿನ್‌ನಲ್ಲಿ ಕ್ಯಾಮೇ ಇರಲ್ಲ. ಬುಲೆಟ್‌ನಲ್ಲಿ ಎರಡಿವೆ: ಒಂದು ಇನ್‌ಲೆಟ್ ವಾಲ್ವ್‌ಗೆ, ಇನ್ನೊಂದು ಎಕ್ಸಾಸ್ಟ್‌ಗೆ. ಎರಡೂ ಬಲಗಡೆ ಟೈಮಿಂಗ್ ಕವರ್ ಒಳಗೆ, ಗಿಯರ್‌ಗೆ ಸೇರಿಕೊಂಡಿರುತ್ತವೆ. ಕ್ರ್ಯಾಂಕ್ ಎರಡು ಸುತ್ತು ತಿರುಗಿದ್ರೆ ಕ್ಯಾಮ್ ಒಂದು ಸುತ್ತು.

ಕ್ಯಾಮ್‌ನಲ್ಲಿ ನೋಡಬೇಕಾದ್ದು ಮೂರು. ವಾಲ್ವ್ ಎಷ್ಟು ಎತ್ತರ ಏಳುತ್ತೆ ಅನ್ನೋದು ಲಿಫ್ಟ್. ಎಷ್ಟು ಹೊತ್ತು ತೆರೆದಿರುತ್ತೆ ಅನ್ನೋದು ಡ್ಯುರೇಶನ್. ಎರಡೂ ವಾಲ್ವ್ ಒಟ್ಟಿಗೆ ತೆರೆದಿರೋ ಹೊತ್ತು ಓವರ್‌ಲ್ಯಾಪ್. ಅಂಗಡಿಯವರು ‘ರೇಸ್ ಕ್ಯಾಮ್’ ಅಂತ ಕೊಡೋದರಲ್ಲಿ ಸಾಮಾನ್ಯವಾಗಿ ಮೂರೂ ಜಾಸ್ತಿ. ಇನ್‌ಲೆಟ್ ವಾಲ್ವ್ ತಡವಾಗಿ ಮುಚ್ಚುತ್ತೆ. ಜೋರು ಆರ್‌ಪಿಎಂನಲ್ಲಿ ಅದು ಲಾಭ, ಯಾಕಂದ್ರೆ ಪಿಸ್ಟನ್ ಮೇಲೇಳೋಕೆ ಶುರುಮಾಡಿದ್ರೂ ಗಾಳಿ ತನ್ನ ವೇಗಕ್ಕೇ ಒಳಗೆ ನುಗ್ಗುತ್ತಿರುತ್ತೆ. ನಿಧಾನಕ್ಕೆ ಓಡುವಾಗ ಅದೇ ನಷ್ಟ. ಒಳಗೆ ಬಂದ ಮಿಶ್ರಣವನ್ನ ಪಿಸ್ಟನ್ ವಾಪಸ್ ಕಾರ್ಬ್ ಕಡೆಗೆ ತಳ್ಳುತ್ತೆ. ಕಂಪ್ರೆಶನ್ ಇಳಿಯುತ್ತೆ, ಐಡ್ಲಿಂಗ್ ಕೆಡುತ್ತೆ, ಕಿಕ್‌ಗೆ ಸ್ಟಾರ್ಟ್ ಆಗೋದು ಕಷ್ಟ.

ನಮ್ಮ ಭಾಷೆಯಲ್ಲಿ ಹೇಳೋದಾದ್ರೆ, ಮೇಲಿನ ಆರ್‌ಪಿಎಂನಲ್ಲಿ ಕ್ರೆಡಿಟ್ ಆಗೋ ಶಕ್ತಿ ಕೆಳಗಿನ ಆರ್‌ಪಿಎಂ ಖಾತೆಯಿಂದ ಡೆಬಿಟ್ ಆಗುತ್ತೆ. ಹಾಗಾದ್ರೆ ಕೇಳಬೇಕಾದ ಪ್ರಶ್ನೆ ಒಂದೇ: ನಾವು ಬದುಕೋದು ಯಾವ ಆರ್‌ಪಿಎಂನಲ್ಲಿ? ಅಪ್ಪ ಗಂಟೆಗೆ 60 ಕಿಲೋಮೀಟರ್ ದಾಟಲ್ಲ.

ಇನ್ನೊಂದು ವಿಷಯ. ಈ ಇಂಜಿನ್‌ನ ಬೋರ್ 70 ಎಂಎಂ, ಸ್ಟ್ರೋಕ್ 90. ಉದ್ದ ಸ್ಟ್ರೋಕ್, ಭಾರೀ ಫ್ಲೈವೀಲ್. ಕನೆಕ್ಟಿಂಗ್ ರಾಡ್‌ನ ಕೆಳಗಿನ ತುದಿಯಲ್ಲಿ ರೋಲರ್ ಬೇರಿಂಗ್ ಇಲ್ಲ, ಫ್ಲೋಟಿಂಗ್ ಬುಷ್ ಇದೆ. ಅದು ನಿಧಾನಕ್ಕೆ ವರ್ಷಗಟ್ಟಲೆ ದುಡಿಯುತ್ತೆ. ಗಂಟೆಗಟ್ಟಲೆ ಜೋರಾಗಿ ಓಡಿಸಿದ್ರೆ ಸವೆದು ಕೈಕೊಡುತ್ತೆ. ಮೇಲೆ ರೇಸ್ ಕ್ಯಾಮ್, ಕೆಳಗೆ ಬುಷ್ ಇಟ್ಟುಕೊಂಡ್ರೆ ಸಾಲ ತಗೊಂಡು ಮದುವೆ ಮಾಡಿದ ಹಾಗೆ. ಹೈವೇಲಿ ವೇಗವಾಗಿ ಓಡಿಸೋ ಆಸೆ ಇದ್ದವರು ಮೊದಲು ಕೆಳಗಿನ ಬೇರಿಂಗ್, ಆಯಿಲ್ ಪಂಪ್ ಗಟ್ಟಿ ಮಾಡಿಸಿ, ಆಮೇಲೆ ಕ್ಯಾಮ್, ಕೊನೆಗೆ ಕಾರ್ಬ್. ನಾನು ಉಲ್ಟಾ ಹೋಗಿದ್ದೆ.

ನಾನು ಕೊನೆಗೆ ಆರಿಸಿದ್ದು ಹೊಸ 24 ಎಂಎಂ ಸ್ಲೈಡ್ ಕಾರ್ಬ್, ಮೂಲ ಅಳತೆಯ ಹೊಸ ಕ್ಯಾಮ್‌ಗಳು. ನೀವು ಮಾಡಿಸೋದಾದ್ರೆ ಇಷ್ಟು ನೆನಪಿಡಿ.

ಕ್ಯಾಮ್ ಬದಲಿಸಿದ್ರೆ ಅದಕ್ಕೆ ತಾಗೋ ಟ್ಯಾಪೆಟ್‌ಗಳನ್ನೂ ಬದಲಿಸಿ. ಸವೆದ ಟ್ಯಾಪೆಟ್ ಹೊಸ ಕ್ಯಾಮನ್ನ ತಿಂದುಹಾಕುತ್ತೆ.

ಜೋಡಿಸುವಾಗ ಗಿಯರ್‌ಗಳ ಮೇಲಿನ ಗುರುತುಗಳು ಒಂದಕ್ಕೊಂದು ಕೂತಿವೆಯಾ ಅಂತ ಕಣ್ಣಾರೆ ನೋಡಿ. ಲಿಫ್ಟ್ ಜಾಸ್ತಿ ಇರೋ ಕ್ಯಾಮ್ ಆದ್ರೆ ವಾಲ್ವ್ ಪಿಸ್ಟನ್‌ಗೆ ಹೊಡೆಯಲ್ಲ ಅಂತ ಕೈಯಲ್ಲೇ ತಿರುಗಿಸಿ ಖಾತ್ರಿ ಮಾಡಿಕೊಳ್ಳಿ.

ಇಂಜಿನ್ ತಣ್ಣಗಿರುವಾಗ ಪುಶ್‌ರಾಡ್ ಬೆರಳಲ್ಲಿ ಸಲೀಸಾಗಿ ತಿರುಗಬೇಕು, ಆದ್ರೆ ಮೇಲೆ ಕೆಳಗೆ ಆಡಬಾರದು.

ಈಗಿನ ಪೆಟ್ರೋಲ್‌ನಲ್ಲಿ ಎಥನಾಲ್ ಬೆರೆತಿರುತ್ತೆ. ಹಳೇ ರಬ್ಬರ್ ಪೈಪು, ವಾಷರ್‌ಗಳನ್ನ ಬದಲಿಸಿ. ಓಡಿಸಿದ ಮೇಲೆ ಪ್ಲಗ್ ಬಿಚ್ಚಿ ನೋಡಿ: ಬೆಳ್ಳಗಿದ್ರೆ ಪೆಟ್ರೋಲ್ ಸಾಲ್ತಿಲ್ಲ, ಕಪ್ಪು ಮಸಿ ಇದ್ರೆ ಜಾಸ್ತಿ, ತಿಳಿ ಕಂದು ಇದ್ರೆ ಸರಿ.

ಹೋದ ಭಾನುವಾರ ಇಂಜಿನ್ ಜೋಡಿಸಿ ಮುಗೀತು. ಅಪ್ಪ ಬಾಗಿಲಲ್ಲಿ ಪೇಪರ್ ಓದೋ ಹಾಗೆ ನಿಂತಿದ್ರು. ನಾನು ಎರಡು ಸಲ ಕಿಕ್ ಹೊಡೆದೆ, ಆಗಲಿಲ್ಲ. ಪೇಪರ್ ಮಡಚಿ ಬಂದ್ರು. “ಹಾಗಲ್ಲ ಕಣೋ,” ಅಂತ ಆಂಪ್ ಮೀಟರ್ ನೋಡ್ಕೊಂಡು, ಡಿಕಂಪ್ರೆಸರ್ ಹಿಡಿದು, ನಿಧಾನಕ್ಕೆ ಒಂದೇ ಕಿಕ್.

ಆಮೇಲೆ ಕೀ ಮೊಳೆಗೆ ವಾಪಸ್ ಹೋಗಿಲ್ಲ. ಅವರ ಜೇಬಲ್ಲೇ ಇದೆ.