ಅವ್ವನ ಫೋನಿನಲ್ಲಿ ಹತ್ತು ದಿನ

ಎಮ್ಮೆಗೆ ಕಲಗಚ್ಚು ಕಲಸುತ್ತಾ ಸ್ಟೇಟಸ್ ನೋಡುವವರಿಗೆ ಏನಾಗಬೇಕೋ ನನಗೂ ಅದೇ ಆಯಿತು. ಎಡಗೈಲಿದ್ದ ಮೊಬೈಲ್ ಜಾರಿ ಸೀದಾ ಬಾನಿಗೆ ಬಿತ್ತು. ಒರೆಸಿದೆ, ಬಿಸಿಲಿಗಿಟ್ಟೆ, ಅಕ್ಕಿ ಡಬ್ಬದಲ್ಲಿ ಹೂತಿಟ್ಟೆ. ಕಣ್ಣು ಬಿಡಲಿಲ್ಲ.

ಅದು 2022ರ ಬೇಸಿಗೆ, ಬಿ.ಕಾಂ. ಕೊನೆಯ ಸೆಮಿಸ್ಟರ್. ಬೆಂಗಳೂರಿನ ಕಚೇರಿಯೊಂದರ ಸಂದರ್ಶನಕ್ಕೆ ಹೆಸರು ಕೊಟ್ಟಿದ್ದೆ. ಅದರ ಸುದ್ದಿಯೆಲ್ಲ ಬರುತ್ತಿದ್ದುದು ಕಾಲೇಜಿನ ವಾಟ್ಸ್‌ಆ್ಯಪ್ ಗ್ರೂಪಿಗೆ. ತಿಪಟೂರಿನ ರಿಪೇರಿ ಅಂಗಡಿಯವರು, ‘ಹತ್ತು ದಿನ ಬಿಟ್ಟು ಬನ್ನಿ’ ಅಂದರು.

ಮುಖ ಊದಿಸಿಕೊಂಡು ಕೂತಿದ್ದ ನನ್ನ ಮುಂದೆ ಅವ್ವ ತನ್ನ ಜಿಯೋಫೋನ್ ಇಟ್ಟಳು. ‘ಇದ್ರಲ್ಲೂ ವಾಟ್ಸಾಪ್ ಬತ್ತದೆ ಕಣವ್ವ. ನಿನ್ ಸಿಮ್ ಹಾಕ್ಕೊ. ನಮ್ ಸಂಘದ ಮೆಸೇಜು ಹತ್ತು ದಿನ ನೋಡ್ದಿದ್ರೆ ಏನೂ ಮುಳುಗೋಗಲ್ಲ.’

ನಿಜ ಹೇಳಬೇಕೆಂದರೆ ಆ ಫೋನ್ ಕಂಡರೆ ನನಗೆ ತಾತ್ಸಾರ. 2.4 ಇಂಚಿನ ಪರದೆ, ಕೆಳಗೆ ಗುಂಡಿಗಳ ಸಾಲು. ಅವ್ವ ಏನಾದರೂ ಕೇಳಿದರೆ, ‘ಅಷ್ಟೂ ಗೊತ್ತಾಗಲ್ವಾ?’ ಎಂದು ಕಿತ್ತುಕೊಂಡು ನಾನೇ ಒತ್ತಿ ಕೊಡುತ್ತಿದ್ದೆ. ಈಗ ಅದೇ ಫೋನ್ ಕೈಯಲ್ಲಿ ಹಿಡಿದು ಪರದೆ ಉಜ್ಜುತ್ತಿದ್ದೆ. ಏನೂ ಅಲುಗಲಿಲ್ಲ. ಅದು ಟಚ್‌ಸ್ಕ್ರೀನೇ ಅಲ್ಲವಲ್ಲ!

ಅದರೊಳಗಿದ್ದದ್ದು ಆ್ಯಂಡ್ರಾಯ್ಡ್ ಅಲ್ಲ, ಕೈಓಎಸ್. ಮೊಜಿಲ್ಲಾ ಸಂಸ್ಥೆ ಕೈಬಿಟ್ಟ ಫೈರ್‌ಫಾಕ್ಸ್ ಓಎಸ್‌ನಿಂದ ಹುಟ್ಟಿಕೊಂಡದ್ದು. ವಾಟ್ಸ್‌ಆ್ಯಪ್ ಇದಕ್ಕೆ ಬಂದದ್ದು 2018ರ ಸೆಪ್ಟೆಂಬರಿನಲ್ಲಿ ಎಂಬುದೆಲ್ಲ ಆಮೇಲೆ ಓದಿ ತಿಳಿದುಕೊಂಡೆ. ಆ ಹೊತ್ತಿಗೆ ಗೊತ್ತಾದದ್ದು ಇಷ್ಟೇ: ಆರು ಅಂಕಿಯ ಕೋಡ್ ಬಂತು, ಗ್ರೂಪುಗಳೂ ಬಂದವು, ಆದರೆ ಹಳೆಯ ಸಂದೇಶ ಒಂದೂ ಇಲ್ಲ. ಸಂದರ್ಶನದ ವಿಳಾಸ, ತರಬೇಕಾದ ದಾಖಲೆಗಳ ಪಟ್ಟಿ ಎಲ್ಲ ಬಾನಿ ಪಾಲಾಗಿತ್ತು. ಗೆಳತಿಯನ್ನು ಕಾಡಿ ಮತ್ತೆ ಕಳಿಸಿಕೊಂಡು, ಈ ಸಲ ನೋಟ್‌ಬುಕ್ಕಿನಲ್ಲಿ ಬರೆದಿಟ್ಟೆ.

ಟೈಪ್ ಮಾಡುವುದು ಇನ್ನೊಂದು ಕಥೆ. ಇಂಗ್ಲಿಷಿನ ‘ಯೆಸ್’ ಮೂರೇ ಅಕ್ಷರ. ಆದರೆ 9ನ್ನು ಮೂರು ಸಲ, 3ನ್ನು ಎರಡು ಸಲ, 7ನ್ನು ನಾಲ್ಕು ಸಲ ಒತ್ತಬೇಕು. ‘ನೋ’ ಇನ್ನೂ ಕಷ್ಟ. ಎರಡೂ ಅಕ್ಷರ 6ರಲ್ಲೇ ಇವೆ. ಒಂದಾದ ಮೇಲೆ ಚೂರು ಕಾಯದಿದ್ದರೆ ಕಲಸುಮೇಲೋಗರ. ‘ಓಕೆ’, ‘ಹ್ಹಹ್ಹ’ ಎಂದೆಲ್ಲ ಗ್ರೂಪುಗಳಲ್ಲಿ ಎರಚುತ್ತಿದ್ದ ನಾನು ಎರಡೇ ದಿನದಲ್ಲಿ ಮೌನಿಯಾದೆ.

ಆರನೆಯ ದಿನ ಗ್ರೂಪಿಗೆ ಸಂದೇಶ ಬಂತು: ನಾಡಿದ್ದು ಬರುವವರು ಸಂಜೆ ಐದರೊಳಗೆ ಹೆಸರು, ರಿಜಿಸ್ಟರ್ ನಂಬರ್ ತಿಳಿಸಬೇಕು. ನಾನು ನೋಡಿದಾಗ ಐದಕ್ಕೆ ಹತ್ತು ನಿಮಿಷ. ಕೈ ನಡುಗುತ್ತಿತ್ತು. ಅಂಕಿ ಒತ್ತಿದರೆ ಅಕ್ಷರ, ಅಳಿಸಲು ಹೋದರೆ ಬರೆದದ್ದೆಲ್ಲ ಮಾಯ. ಸರ್‌ಗೆ ಫೋನ್ ಮಾಡಿದರೆ ಎಂಗೇಜ್. ಕಣ್ಣಲ್ಲಿ ನೀರು ಬಂತು.

ಕಸ ಗುಡಿಸುತ್ತಿದ್ದ ಅವ್ವ ಬಂದು ಪಕ್ಕ ಕೂತಳು. ‘ನಂಗೆ ಬರ್‍ಯಕ್ ಎಲ್ ಬತ್ತದೆ? ನಾನೇನ್ ಮೆಸೇಜ್ ಕಳ್ಸಲ್ವಾ? ನೋಡು ಮಗ, ಅಲ್ಲಿ ಮೈಕಿನ ಚಿತ್ರ ಐತಲ್ಲ, ಅದ್ನ ಒತ್ತಿ ಬಾಯಲ್ಲೇ ಹೇಳು.’

ಐವತ್ತು ಜನರ ಗ್ರೂಪಿನಲ್ಲಿ ಧ್ವನಿ ಸಂದೇಶವೇ? ನಾಚಿಕೆ ಎನಿಸಿತು. ಆದರೆ ಉಳಿದದ್ದು ಎರಡು ನಿಮಿಷ. ಹೆಸರು, ನಂಬರ್ ಹೇಳಿ, ‘ಬರುತ್ತೇನೆ ಸರ್’ ಎಂದೆ. ಅಷ್ಟರಲ್ಲಿ ಕೊಟ್ಟಿಗೆಯಿಂದ ಎಮ್ಮೆಯೂ ದನಿಗೂಡಿಸಿತು. ಅದರ ಸಮೇತ ಹೋಯಿತು. ಐದಕ್ಕೆ ಸರಿಯಾಗಿ ಸರ್ ಒಂದು ಹೆಬ್ಬೆರಳು ಒತ್ತಿದರು. ಗೆಳತಿಯರು ನಕ್ಕು ನಕ್ಕು ಸುಸ್ತಾದರು. ನಾನೂ ನಕ್ಕೆ.

ಉಳಿದ ನಾಲ್ಕು ದಿನ ಅವ್ವನೇ ನನ್ನ ಮೇಡಂ. ಓದಲು ತಡವರಿಸುವ ಅವಳು ಯಾರ ಸಂದೇಶ ಯಾವುದು ಎಂದು ಫೋಟೊ ನೋಡಿಯೇ ಗುರುತಿಸುತ್ತಿದ್ದಳು. ನೋಡದೆಯೇ ಗುಂಡಿ ಒತ್ತುತ್ತಿದ್ದಳು. ಒಂದೇ ಪ್ರಶ್ನೆಯನ್ನು ಹತ್ತು ಸಲ ಕೇಳಿದರೂ, ‘ಅಷ್ಟೂ ಗೊತ್ತಾಗಲ್ವಾ?’ ಎಂದು ಒಮ್ಮೆಯೂ ಕೇಳಲಿಲ್ಲ. ಅದೇ ನನಗೆ ಹೆಚ್ಚು ಚುಚ್ಚಿತು.

ಆ ಕೆಲಸ ಸಿಗಲಿಲ್ಲ ಎನ್ನುವುದನ್ನೂ ಹೇಳಿಬಿಡಬೇಕು. ನಾಲ್ಕು ತಿಂಗಳ ನಂತರ ಬೇರೆಡೆ ಸಿಕ್ಕಿತು. ಆದರೆ ಆ ಹತ್ತು ದಿನದಲ್ಲಿ ಕಲಿತ ಪಾಠ ಉಳಿದಿದೆ. ಸಂದರ್ಶನದ ದಿನಾಂಕ, ವಿಳಾಸ ಈಗಲೂ ಕಾಗದದಲ್ಲಿ ಬರೆದಿಡುತ್ತೇನೆ. ಅರ್ಜಿ ಹಾಕುವಾಗ ಮನೆಯವರ ನಂಬರನ್ನೂ ಕೊಡುತ್ತೇನೆ. ಟೆಕ್ನಾಲಜಿ ಗೊತ್ತು ಎಂದು ಬೀಗುವುದನ್ನು ಬಿಟ್ಟಿದ್ದೇನೆ. ನನಗೆ ಗೊತ್ತಿದ್ದದ್ದು ಒಂದು ಬಗೆಯ ಫೋನ್ ಅಷ್ಟೇ.

2025ರಲ್ಲಿ ಅವ್ವನ ಫೋನಿನಲ್ಲಿ ವಾಟ್ಸ್‌ಆ್ಯಪ್ ನಿಂತುಹೋಯಿತು. ಆ ಬಗೆಯ ಫೋನ್‌ಗಳಿಗೆ ಸೇವೆಯನ್ನೇ ನಿಲ್ಲಿಸಿದ್ದರು. ಸಂಬಳದ ದುಡ್ಡಲ್ಲಿ ಟಚ್‌ಸ್ಕ್ರೀನ್ ಫೋನ್ ಕೊಡಿಸಿದೆ. ತಿರುಗಿಸಿ ಮುರುಗಿಸಿ ನೋಡಿ, ‘ಗುಂಡಿ ಎಲ್ಲವ್ವ ಇದ್ರಲ್ಲಿ?’ ಎಂದಳು. ನಾನು ಕಿತ್ತುಕೊಳ್ಳಲಿಲ್ಲ. ಪಕ್ಕದಲ್ಲಿ ಕೂತೆ.

ಬೆಂಗಳೂರಿಗೆ ವಾಪಸಾದ ರಾತ್ರಿ ಅವಳ ಹೊಸ ಫೋನಿನಿಂದ ಮೊದಲ ಸಂದೇಶ ಬಂತು. ‘ಊಟ ಆಯ್ತಾ ಮಗ?’ ಹಿಂದೆ ಎಮ್ಮೆ ಕೂಗುತ್ತಿತ್ತು.