ಕೇಬಲಿಲ್ಲದ ಕಾರ್ಡಿಗೆ ವೇಗವೆಲ್ಲಿಯದು?

ಕಂಪ್ಯೂಟರಿನ ಹಿಂಬದಿಗೆ ನೆಟ್‌ವರ್ಕ್ ಕೇಬಲನ್ನು ಸಿಕ್ಕಿಸಿದೊಡನೆ ಅಲ್ಲಿ ಪುಟ್ಟದೊಂದು ದೀಪ ಹೊತ್ತಿಕೊಳ್ಳುವುದನ್ನು ವಾಚಕರು ಕಂಡಿರಬಹುದು. ಅಷ್ಟರೊಳಗೆ ಕೇಬಲಿನ ಎರಡು ತುದಿಗಳ ನಡುವೆ ಒಂದು ಮಾತುಕತೆಯೇ ಮುಗಿದಿರುತ್ತದೆ. ತಾನು ಯಾವ ಯಾವ ವೇಗಗಳಲ್ಲಿ ಕೆಲಸಮಾಡಬಲ್ಲೆನೆಂಬುದನ್ನು ಪ್ರತಿಯೊಂದು ತುದಿಯೂ ಕಿರು ವಿದ್ಯುತ್ ಸ್ಪಂದಗಳ ಮೂಲಕ ಸಾರುತ್ತದೆ. ಎರಡಕ್ಕೂ ಸಾಧ್ಯವಾದ ಅತಿ ಹೆಚ್ಚಿನ ವೇಗ, ಸೆಕೆಂಡಿಗೆ 10, 100 ಅಥವಾ 1000 ಮೆಗಾಬಿಟ್, ನಿಶ್ಚಯವಾಗುತ್ತದೆ. ಈ ಪದ್ಧತಿ 1995ರಲ್ಲಿ ಈಥರ್‌ನೆಟ್ಟಿನ ನಿಯಮಗಳಲ್ಲಿ ಸೇರಿತು.

ಈಗ ಒಂದೇ ಯಂತ್ರದೊಳಗೆ ಹಲವು ಕಲ್ಪಿತ ಕಂಪ್ಯೂಟರುಗಳನ್ನು ನಡೆಸುವ ತಂತ್ರಾಂಶವನ್ನು ನೋಡೋಣ. ಇಲ್ಲಿ ಕಾರ್ಡೂ ಒಂದು ಪ್ರೋಗ್ರಾಮು, ಕೇಬಲೂ ಒಂದು ಪ್ರೋಗ್ರಾಮು. ನಡೆಯುವುದೆಲ್ಲ ಸ್ಮೃತಿಯ ಒಂದೆಡೆಯಿಂದ ಇನ್ನೊಂದೆಡೆಗೆ ಅಕ್ಷರಗಳ ನಕಲು. ಹಾಗಾದರೆ ಇದರ ವೇಗವೆಷ್ಟು?

ಉತ್ತರ ಕಾರ್ಡಿನ ವೇಷವನ್ನು ಅವಲಂಬಿಸಿದೆ. ಇಂಟೆಲ್ ಸಂಸ್ಥೆಯ ಹಳೆಯ ಗಿಗಾಬಿಟ್ ಕಾರ್ಡನ್ನು ಅನುಕರಿಸುವ 'ಇ1000' ತನ್ನ ವೇಗ 1000 ಮೆಗಾಬಿಟ್ ಎನ್ನುತ್ತದೆ. ವಿಎಂವೇರ್‌ನ 'ವಿಎಂಎಕ್ಸ್‌ನೆಟ್3' 10,000 ಎನ್ನುತ್ತದೆ. ಇವು ಅಳೆದು ಹೇಳಿದ ಮಾತುಗಳಲ್ಲ. ಗಾಡಿಯ ಪಕ್ಕದಲ್ಲಿ ಬಣ್ಣದಿಂದ ಬರೆದ ಅಂಕಿಗೂ ಅದರ ಚಕ್ರಕ್ಕೂ ಇರುವಷ್ಟೇ ಸಂಬಂಧ ಇಲ್ಲಿಯೂ ಇದೆ. ನಿಜ ಯಂತ್ರದಿಂದ ಹೊರಹೋಗುವ ಕೇಬಲು 100 ಮೆಗಾಬಿಟ್ಟಿನದಾಗಿದ್ದರೆ ಒಳಗಿನ 10,000ದಿಂದ ಫಲವೇನು? ಅದೇ ಯಂತ್ರದೊಳಗಿನ ಎರಡು ಕಲ್ಪಿತ ಕಂಪ್ಯೂಟರುಗಳ ನಡುವೆಯಾದರೋ ಬರೆದ ಅಂಕಿಯನ್ನು ಮೀರಿಯೂ ಮಾಹಿತಿ ಹರಿಯಬಹುದು.

'ವರ್ಟಿಯೋ' ಎಂಬ ಕಾರ್ಡು ಯಾವ ನಿಜ ಕಾರ್ಡನ್ನೂ ಅನುಕರಿಸುವುದಿಲ್ಲ. ಯಾರೂ ಬೇರೆ ಹೇಳದಿದ್ದರೆ ಲಿನಕ್ಸಿನಲ್ಲಿ ಅದರ ವೇಗ -1, ಎಂದರೆ 'ಗೊತ್ತಿಲ್ಲ'. ಪ್ರಾಮಾಣಿಕವಾದ ಉತ್ತರವೇನೋ ಹೌದು. ಆದರೆ ಇದಕ್ಕೂ ಬೆಲೆ ತೆರಬೇಕಾಗುತ್ತದೆ. ಜಾಲದಲ್ಲಿ ಸುತ್ತುದಾರಿಗಳಿದ್ದಾಗ ಲಿನಕ್ಸಿನ 'ಬ್ರಿಡ್ಜ್' ಪ್ರತಿ ದ್ವಾರಕ್ಕೂ ಒಂದು ವೆಚ್ಚವನ್ನು ಕಟ್ಟಿ, ವೆಚ್ಚ ಕಡಿಮೆಯಾದ ಮಾರ್ಗವನ್ನು ಆರಿಸುತ್ತದೆ. 10,000 ಮೆಗಾಬಿಟ್ಟಿಗೆ ವೆಚ್ಚ 2, 100ಕ್ಕೆ 19, 10ಕ್ಕೆ 100. ವೇಗ ತಿಳಿಯದ ದ್ವಾರಕ್ಕೂ 100! ಸುಮ್ಮನಿದ್ದವನನ್ನು ಬ್ರಿಡ್ಜ್ ಎಲ್ಲರಿಗಿಂತ ನಿಧಾನಿಯ ಸಾಲಿನಲ್ಲಿ ಕೂರಿಸುತ್ತದೆ.

ಕಲ್ಪಿತ ಕಾರ್ಡು ಮಾತ್ರ ಹೀಗೆಂದು ನಾವು ಭಾವಿಸಬಾರದು. ಕಲ್ಪಿತ ಯಂತ್ರಗಳನ್ನು ನಿರ್ವಹಿಸುವ 'ಲಿಬ್‌ವರ್ಟ್' ತಂತ್ರಾಂಶವು ನಿಜ ಕಾರ್ಡುಗಳ ಸ್ಥಿತಿಯನ್ನೂ ವೇಗವನ್ನೂ ವರದಿಮಾಡುತ್ತದೆ. ಕೇಬಲು ಕಳಚಿದ್ದಾಗ ಇಂಟೆಲ್ಲಿನ 'ಐಜಿಬಿ' ಚಾಲಕ ವೇಗ 65535 ಎಂದಿತು. ರಿಯಲ್‌ಟೆಕ್ಕಿನದು 10 ಎಂದಿತು! ಮೊದಲನೆಯದರ ಗುಟ್ಟು ಸರಳ: ದ್ವಿಮಾನ ಪದ್ಧತಿಯಲ್ಲಿ ಹದಿನಾರು ಸ್ಥಾನಗಳಲ್ಲೂ 1 ಬರೆದರೆ ಆಗುವ ಸಂಖ್ಯೆ 65535, ಹದಿನಾರು ಸ್ಥಾನಗಳಲ್ಲಿ -1ನ್ನು ಬರೆಯುವ ರೀತಿಯೂ ಅದೇ. 'ಗೊತ್ತಿಲ್ಲ' ಎಂಬುದು ಚಿಹ್ನೆಯನ್ನು ಕಳೆದುಕೊಂಡು ಮಹಾವೇಗವಾಗಿ ಕಾಣಿಸಿತು. ಎರಡನೆಯದು ಹೆಚ್ಚು ಅಪಾಯಕರವೆಂದು ನಮ್ಮ ಅಭಿಪ್ರಾಯ; 65535ನ್ನು ಕಂಡವರು ನಕ್ಕಾರು, 10ನ್ನು ನಂಬಿಬಿಟ್ಟಾರು.

ಲಿಬ್‌ವರ್ಟನ್ನು ಬರೆದವರು ಕಂಡುಕೊಂಡ ಪರಿಹಾರ ಚಿಕ್ಕದು. ಮೊದಲು ಸ್ಥಿತಿಯನ್ನು ನೋಡುವುದು. ಸಂಪರ್ಕವಿಲ್ಲವಾದರೆ ವೇಗದ ಮಾತನ್ನೇ ಎತ್ತದಿರುವುದು.

ಲಿನಕ್ಸ್ ಯಂತ್ರ ಕೈಗೆ ಸಿಕ್ಕುವ ವಿದ್ಯಾರ್ಥಿಗಳು ಇದನ್ನು ಪರೀಕ್ಷಿಸಬಹುದು. 'ಸಿಸ್' ಕೋಶದಲ್ಲಿ ಪ್ರತಿ ಕಾರ್ಡಿಗೂ 'ಆಪರ್‌ಸ್ಟೇಟ್', 'ಸ್ಪೀಡ್' ಎಂಬ ಎರಡು ಕಡತಗಳಿವೆ. ಕೇಬಲು ಸಿಕ್ಕಿಸಿದ್ದಾಗ ಒಮ್ಮೆ, ಕಳಚಿದ ಮೇಲೆ ಮತ್ತೊಮ್ಮೆ ಎರಡನ್ನೂ ಓದಿ ಬರೆದಿಟ್ಟುಕೊಳ್ಳಲಿ. ಎರಡನೆಯ ಸಲ ಒಬ್ಬರ ಕಾರ್ಡು ಹೇಳಿದ್ದನ್ನೇ ಇನ್ನೊಬ್ಬರದೂ ಹೇಳೀತೆಂದು ನಾವು ಭರವಸೆ ಕೊಡಲಾರೆವು.